ಸುಂಕದವನ ಮುಂದೆ ಸುಖದುಃಖ

2026ರ ಜನವರಿ 15, ಗುರುವಾರ. ಬೆಳಗ್ಗೆ 10 ಗಂಟೆ 40 ನಿಮಿಷಕ್ಕೆ ಅಮೆರಿಕದ ಪ್ಲೆಸೆಂಟನ್ ಪೊಲೀಸ್ ಠಾಣೆಯ ಕೌಂಟರಿನ ಮುಂದೆ ಒಬ್ಬ ಹೆಂಗಸು ಬಂದು ನಿಂತಳು. ಹೆಸರು ಉಮಾಶ್ರೀ ಸೋಮಲಿಂಗಪ್ಪ, ವಯಸ್ಸು ನಲವತ್ತೊಂದು, ಊರು ಗದಗ. ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಟೆಸ್ಟಿಂಗ್ ಕೆಲಸ. ಹದಿನಾಲ್ಕು ವರ್ಷದಿಂದ ಆ ದೇಶದಲ್ಲಿ, ಐದು ವರ್ಷದಿಂದ ಅಪಾರ್ಟ್‌ಮೆಂಟಿನಲ್ಲಿ ಒಬ್ಬಳೇ. ದೂರು: ಊರಿನಿಂದ ಬಂದ ಪಾರ್ಸೆಲ್ಲು ಮನೆ ಬಾಗಿಲಿನಿಂದ ಕಳವಾಗಿದೆ.

ಬಾಗಿಲ ಮುಂದಿನ ಪಾರ್ಸೆಲ್ಲು ಕಳವಾಗುವುದು ಅಲ್ಲಿ, ನಮ್ಮಲ್ಲಿ ಮದುವೆ ಛತ್ರದ ಮುಂದೆ ಚಪ್ಪಲಿ ಕಳವಾದಷ್ಟೇ ಸಾಮಾನ್ಯ. ಫಾರಂ ತುಂಬಿಸಿಕೊಂಡು, ಒಂದು ನಂಬರು ಕೊಟ್ಟು ಕಳಿಸುತ್ತಾರೆ. ನಾವು ಎಫ್‌ಐಆರ್ ಎನ್ನುವುದನ್ನು ಅವರು ರಿಪೋರ್ಟು ಎನ್ನುತ್ತಾರೆ. ಕಡತದಲ್ಲಿ ಸೇರಿ ನಿದ್ದೆ ಹೋಗುವ ವಿಷಯದಲ್ಲಿ ಎರಡಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಇದರ ಗತಿಯೂ ಅಷ್ಟೇ ಆಗುತ್ತಿತ್ತು. ಆದರೆ ಹೆಂಗಸು ಅಳುತ್ತಿದ್ದಳು. ಕೌಂಟರಿನಲ್ಲಿದ್ದ ಆಫೀಸರ್ ಮಾರ್ಟಿನೆಜ್‌ಗೆ ಅಳುವವರನ್ನು ಕಂಡರೆ ಕೈಕಾಲು ಆಡುವುದಿಲ್ಲ. ಅವನು ಒಳಗೆ ಹೋಗಿ ಡಿಟೆಕ್ಟಿವ್ ನಿಸರ್ಗಾಳನ್ನು ಕರೆತಂದ.

ನಿಸರ್ಗಾ ಜಯರಾಮ್ ಹುಟ್ಟಿದ್ದು, ಬೆಳೆದದ್ದು ಎಲ್ಲ ಅಲ್ಲೇ. ಅಪ್ಪ ಅಮ್ಮ ಮಂಡ್ಯದವರು. ಅವಳ ಕನ್ನಡ ಅಡುಗೆಮನೆಯಲ್ಲಿ ಕಿವಿಯಿಂದ ಕಲಿತದ್ದು. ಓದಲು, ಬರೆಯಲು ಬಾರದು. ಆದರೂ ಆ ಭಾಷೆಯ ದೂರು ಬಂದರೆ ಇಡೀ ಠಾಣೆಗೆ ಅವಳೇ ಪಂಡಿತೆ.

"ಪಾರ್ಸೆಲ್‌ನಲ್ಲಿ ಏನಿತ್ತು?"

"ಕೌದಿ ರೀ."

"ಅಂದ್ರೆ?"

"ಹಳೇ ಸೀರಿ ಕೂಡಿಸಿ ಹೊಲಿತಾರಲ್ರಿ, ಹೊದಿಕಿ. ನಮ್ಮ ದೊಡ್ಡವ್ವ ಹೊಲಿದು ಕಳಿಸಿದ್ರು. ಗುರುಬಸವ್ವ ಅಂತ. ನಾ ಸಣ್ಣಾಕಿ ಇದ್ದಾಗ ನಮ್ಮವ್ವ ಬಿಟ್ಟುಹೋದ್ರು, ನನ್ನ ಬೆಳಿಸಿದಾಕಿ ಅಕೀನ."

"ಕಳುವಾಗಿದ್ದು ಯಾವತ್ತು?"

"ಡಿಸೆಂಬರ್ ಹದಿನಾರು. ಆನ್‌ಲೈನ್‌ನ್ಯಾಗ ಡೆಲಿವರ್ಡ್ ಅಂತ ತೋರಸ್ತದ. ನನಗ ಬಂದಿಲ್ಲ."

"ಒಂದು ತಿಂಗಳಾಯ್ತು. ಈಗ ಯಾಕೆ ಬಂದ್ರಿ?"

ಉಮಾಶ್ರೀ ಕರವಸ್ತ್ರ ಮಡಚಿದಳು, ಬಿಚ್ಚಿದಳು. "ದೊಡ್ಡವ್ವ ತೀರಿಕೊಂಡ್ರು. ಇದೇ ಆರನೇ ತಾರೀಖು. ವೀಸಾ ಸ್ಟಾಂಪಿಂಗ್ ಬಾಕಿ ಇತ್ತು, ಹೋದ್ರ ವಾಪಸ್ ಬರೋದು ಖಾತ್ರಿ ಇರ್ಲಿಲ್ಲ, ಹೋಗ್ಲಿಕ್ಕೂ ಆಗ್ಲಿಲ್ಲ."

"ಸಾರಿ. ಅದರ ವ್ಯಾಲ್ಯೂ ಎಷ್ಟು ಅಂತ ಬರೀಲಿ?"

"ಏನಿಲ್ರಿ, ಹಳೇ ಸೀರಿ. ಆದ್ರ ಫಾರ್ಮಿನ್ಯಾಗ ಕಿಮ್ಮತ್ತು ಐವತ್ತು ಸಾವಿರ ಅಂತ ಬರಸ್ಯಾರ."

ಕಿಮ್ಮತ್ತು ಎಂಬ ಮಾತು ನಿಸರ್ಗಾಳ ಅಡುಗೆಮನೆಯ ಕನ್ನಡದಲ್ಲಿ ಇರಲಿಲ್ಲ. ಕೇಳಲು ಸಂಕೋಚ. ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದಳು.

ಅದೇ ದಿನ ಮಧ್ಯಾಹ್ನ 2 ಗಂಟೆ 15 ನಿಮಿಷಕ್ಕೆ ಅವಳು ಬ್ಲೂ ಹೆರಾನ್ ಎಂಬ ಆ ಕೊರಿಯರ್ ಕಂಪನಿಗೆ ಫೋನ್ ಮಾಡಿದಳು. ಅವರ ಗೋದಾಮು ಲಿವರ್‌ಮೋರ್‌ನಲ್ಲಿದೆ. ಮ್ಯಾನೇಜರ್ ಡಯೇನ್ ಎಂಬಾಕೆ ದಾಖಲೆ ತೆಗೆದು ಓದಿದಳು. ಆ ದಾಖಲೆ ದೂರು ಕೊಟ್ಟವಳ ಮಾತಿಗೆ ಹೊಂದುತ್ತಿರಲಿಲ್ಲ.

ವಿಷಯ ಇಷ್ಟು. ಮೊದಲೆಲ್ಲ ಎಂಟುನೂರು ಡಾಲರಿನವರೆಗಿನ ಪಾರ್ಸೆಲ್ಲು ಹೊರದೇಶದಿಂದ ಸುಂಕವಿಲ್ಲದೆ ಒಳಗೆ ಬರುತ್ತಿತ್ತು. ಕಳೆದ ಆಗಸ್ಟಿನಲ್ಲಿ ಆ ರಿಯಾಯಿತಿ ಎದ್ದುಹೋಯಿತು. ಭಾರತದ ಸಾಮಾನಿಗೆ ಅರ್ಧಕ್ಕರ್ಧ ಸುಂಕ ಬಿತ್ತು. ಗುರುಬಸವ್ವ ಖಾಸಗಿ ಕೊರಿಯರಿನಲ್ಲಿ ಆರು ಸಾವಿರದ ಎಂಟುನೂರು ರೂಪಾಯಿ ಸಾಗಣೆ ವೆಚ್ಚ ಕೊಟ್ಟು ಕೌದಿ ಕಳಿಸಿದ್ದಳು. ಫಾರಮ್ಮಿನಲ್ಲಿ ಬೆಲೆ ಐವತ್ತು ಸಾವಿರ ರೂಪಾಯಿ ಎಂದಿತ್ತು. ಸುಂಕ, ಕೊರಿಯರಿನವರ ಫೀ ಎಲ್ಲ ಸೇರಿ ಮುನ್ನೂರ ಹದಿನೆಂಟು ಡಾಲರು. ಮೂಗಿಗಿಂತ ಮೂಗುತಿ ಭಾರ. ತಮಾಷೆಯೆಂದರೆ, ನೂರು ಡಾಲರಿನೊಳಗಿನ ಉಡುಗೊರೆಗೆ ಸುಂಕವೇ ಇಲ್ಲ. ಮುದುಕಿ ಎರಡು ಸಾವಿರ ರೂಪಾಯಿ ಎಂದು ಬರೆಸಿದ್ದರೆ ಕೌದಿ ಯಾರನ್ನೂ ಕೇಳದೆ ಬಂದು ಬಾಗಿಲಲ್ಲಿ ಕೂರುತ್ತಿತ್ತು.

"ಡಿಸೆಂಬರ್ 9, ಬೆಳಗ್ಗೆ 11.20ಕ್ಕೆ ನಮ್ಮವರು ಗಿರಾಕಿಗೆ ಫೋನ್ ಮಾಡಿದ್ದಾರೆ," ಎಂದಳು ಡಯೇನ್. "ಗಿರಾಕಿ ಬೇಡ ಅಂದಿದ್ದಾರೆ. ಬೇಡ ಅಂದದ್ದನ್ನು ನಾಶ ಮಾಡುತ್ತೇವೆ. ಆದರೆ 15ಕ್ಕೆ ಯಾರೋ ಸುಂಕ ಕಟ್ಟಿದ್ದಾರೆ. 16ಕ್ಕೆ ನಮ್ಮ ಕೌಂಟರಿಗೇ ಬಂದು, ಸಹಿ ಹಾಕಿ ಒಯ್ದಿದ್ದಾರೆ."

ಬಾಗಿಲು ಎಲ್ಲಿ ಬಂತು, ಕಳವು ಎಲ್ಲಿ ಬಂತು. ಮರುದಿನ, ಶುಕ್ರವಾರ ಬೆಳಗ್ಗೆ 9.30ಕ್ಕೆ ನಿಸರ್ಗಾ ಉಮಾಶ್ರೀಯನ್ನು ಮತ್ತೆ ಕರೆಸಿದಳು.

"ಪಾರ್ಸೆಲ್ ನಿಮ್ಮ ಬಾಗಿಲಿಗೆ ಬಂದೇ ಇಲ್ಲ. ಅಲ್ವಾ?"

ಉಮಾಶ್ರೀ ಕೈಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು.

"ನೀವೇ ಬೇಡ ಅಂದಿದ್ದೀರ."

"ಹೌದ್ರಿ."

"ಮತ್ತೆ ಸ್ಟೇಷನ್‌ಗೆ ಬಂದು ಯಾಕೆ ಸುಳ್ಳು ಹೇಳಿದ್ರಿ?"

"ನಾನ ಬ್ಯಾಡಂದೆ ಅಂದ್ರ ನೀವು ಹುಡಕ್ತಿದ್ರೇನ್ರಿ?"

ನಿಸರ್ಗಾ ನೋಟ್‌ಬುಕ್ಕಿನ ಹಾಳೆ ತಿರುವಿದಳು. "ಫೋನ್ ಬಂದಾಗ ಏನಾಯ್ತು, ಹೇಳಿ," ಎಂದಳು.

"ಮೀಟಿಂಗ್‌ನ್ಯಾಗ ಇದ್ದೆ. ಕೊರಿಯರ್‌ನವ ಕನ್ನಡದಾಗ ಮಾತಾಡ್ದ. ಬೆಂಗ್ಳೂರ್ ಕಡಿ ಮಾತು. ಮುನ್ನೂರಾ ಹದಿನೆಂಟು ಡಾಲರ್ ಅಂದ. ನನಗ ಸಿಟ್ಟು ಬಂತು. ಹಳೇ ಸೀರಿಗೆ ಇಷ್ಟು ಯಾರು ಕೊಡ್ತಾರ? ಬ್ಯಾಡ ಅಂದೆ. ಖಂಡಿತಾ ಬೇಡ್ವಾ ಮೇಡಂ ಅಂತ ಎರಡು ಸಲ ಕೇಳ್ದ. ಬ್ಯಾಡ ಅಂದು ಇಟ್ಟುಬಿಟ್ಟೆ."

"ಆಮೇಲೆ?"

"ಹದಿನೇಳನೇ ತಾರೀಖಿಗೆ ದೊಡ್ಡವ್ವ ಫೋನ್ ಮಾಡಿದ್ರು. ಕೌದಿ ಬಂತಂತಲ್ಲವಾ, ಕೊರಿಯರ್‌ನಾಂವ ಫೋನ್ ಮಾಡಿ ಹೇಳ್ದ, ಭಾಳ ಚಲೋ ಮನಷ್ಯಾ, ಅರ್ಧ ತಾಸು ಮಾತಾಡ್ದ ಅಂದ್ರು. ನನಗ ಏನೂ ತಿಳೀಲಿಲ್ಲ. ಏನೋ ತಪ್ಪಾಗಿ ಹೇಳ್ಯಾರ ಅಂದ್ಕೊಂಡೆ. ಬ್ಯಾಡಂದೆ ಅಂತ ಹೇಳ್ಲಿಕ್ಕೆ ನಾಲಿಗಿ ಏಳ್ಲಿಲ್ಲ. ಬಂದದ ದೊಡ್ಡವ್ವ, ಹೊದ್ಕೊಂಡ ಕುಂತೀನಿ ಅಂದೆ."

ಅವಳು ಮೇಜಿನ ಅಂಚನ್ನು ನೋಡುತ್ತ ಹೇಳಿದಳು: "ನಾನು ವಾರಕ್ಕೊಮ್ಮೆ ನಾಕು ನಿಮಿಷ ಮಾತಾಡ್ತಿದ್ದೆ ರೀ. ಅವತ್ತು ಅಕಿ ಖುಷಿ ಆಗಿದ್ಳು, ನನಗ ಮೀಟಿಂಗ್ ಇತ್ತು. ಈಗ ಅಕಿ ಹೋಗ್ಯಾಳ. ನನಗ ಕೌದಿ ಬೇಕ್ರಿ. ರೊಕ್ಕ ಎಷ್ಟಾದ್ರೂ ಆಗ್ಲಿ. ನಾ ಹೇಳಿದ್ದು ತಡಾ ಆದ್ರೂ ಖರೇ ಆಗ್ಲಿ."

ನಿಸರ್ಗಾ ಕೊರಿಯರಿನವರು ಕಳಿಸಿದ ಸಹಿಯ ಪ್ರತಿಯನ್ನು ಅವಳ ಮುಂದಿಟ್ಟಳು. ನಿಸರ್ಗಾಳ ಕಣ್ಣಿಗೆ ಅದು ಜಿಲೇಬಿ ಸುತ್ತಿದಂತೆ ಒಂದು ಗೀಚು, ಅಷ್ಟೇ.

"ಇದು ನಿಮ್ಮ ಸಹಿನಾ?"

ಉಮಾಶ್ರೀ ಕಾಗದವನ್ನು ಹತ್ತಿರ ಎಳೆದುಕೊಂಡಳು. "ಇದು ಕನ್ನಡ ರೀ. ಉಮಾಶ್ರೀ ಅಂತ ಚಂದಾಗಿ ಬರದಾರ. ನಂದಲ್ಲ. ಹೈಸ್ಕೂಲ್ ಬಿಟ್ಟ ಮ್ಯಾಲೆ ನಾ ಕನ್ನಡದಾಗ ಸಹಿ ಮಾಡೇ ಇಲ್ಲ. ಇಲ್ಲಿ ಯಾರು ಮಾಡ್ತಾರ?"

ಕಳ್ಳ ಎಡವಿದ್ದು ಇಲ್ಲಿಯೇ. ಬೇರೆ ಯಾವ ದೇಶದ ಕಳ್ಳನಾದರೂ ಇಂಗ್ಲಿಷಿನಲ್ಲಿ ಒಂದು ಗೆರೆ ಎಳೆದು ಹೋಗುತ್ತಿದ್ದ. ಇವನು ಮಾತ್ರ, ಕನ್ನಡದ ಹೆಸರು ಅಂದಮೇಲೆ ಕನ್ನಡದಲ್ಲೇ ಸಹಿ ಮಾಡುತ್ತಾರೆ ಎಂದು ನಂಬಿದ್ದ. ಪಾಪ, ನಮ್ಮವರ ಬಗ್ಗೆ ಅವನಿಗೆ ದೊಡ್ಡ ಅಭಿಪ್ರಾಯವಿತ್ತು.

ಅವತ್ತು ಸಂಜೆ ನಿಸರ್ಗಾ ಅಮ್ಮ ಗೌರಮ್ಮನಿಗೆ ಫೋನ್ ಮಾಡಿದಳು. ಮಗಳು ತಾನಾಗಿ ಫೋನ್ ಮಾಡಿದ್ದು ಹದಿನೆಂಟು ದಿನದ ಮೇಲೆ. ಗೌರಮ್ಮನಿಗೆ ಅದರ ಲೆಕ್ಕ ಬಾಯಲ್ಲೇ ಇತ್ತು, ಆದರೆ ಹೇಳಲಿಲ್ಲ.

"ಅಮ್ಮ, ವಾಟ್ ಇಸ್ ಕಿಮ್ಮತ್ತು?"

"ಬೆಲೆ ಕಣಮ್ಮ. ಆ ಕಡೆಯೋರು ಹಂಗಂತಾರೆ. ಯಾಕೆ?"

"ಜಸ್ಟ್ ಬೆಲೆ, ಅಷ್ಟೇನಾ?"

"ಮರ್ಯಾದೆಗೂ ಅದೇ ಮಾತು. ಅವನಿಗೇನ್ ಕಿಮ್ಮತ್ತು ಕೊಡ್ತೀಯ ಅನ್ನಲ್ವಾ, ಹಂಗೆ. ಊಟ ಆಯ್ತಾ?"

ನಿಸರ್ಗಾ ಊಟ ಆಯಿತು ಎಂದಳು. ಆಗಿರಲಿಲ್ಲ.

ಜನವರಿ 20, ಮಂಗಳವಾರ. ಬೆಳಗ್ಗೆ 10 ಗಂಟೆಗೆ ನಿಸರ್ಗಾ ಮತ್ತು ಮಾರ್ಟಿನೆಜ್ ಲಿವರ್‌ಮೋರ್ ಗೋದಾಮಿಗೆ ಹೋದರು. ಅಲ್ಲಿನ ಮಳೆಗಾಲ ನಡುವಿಗೆ ಬಂದು ಫ್ರೀವೇ ಪಕ್ಕದ ಗುಡ್ಡಗಳೆಲ್ಲ ಹಸಿರಾಗಿದ್ದವು. ಗೋದಾಮಿನ ಒಂದು ಮೂಲೆಯಲ್ಲಿ ಹಳದಿ ಪಟ್ಟಿ ಬಳಿದ ಜಾಗವಿತ್ತು. ಬೇಡವೆಂದ ಪೆಟ್ಟಿಗೆಗಳೆಲ್ಲ ಅಲ್ಲಿ. ಆನ್‌ಲೈನಿನಲ್ಲಿ ತರಿಸಿದ ರೇಷ್ಮೆ ಸೀರೆ, ಹಿತ್ತಾಳೆಯ ದೀಪ, ಪಿಂಗಾಣಿ ಬಟ್ಟಲು, ಬಾಣಂತಿಗೆ ಕಳಿಸಿದ ಲೇಹ್ಯ. ಕೊಳ್ಳುವಾಗ ಅಗ್ಗ ಕಂಡದ್ದು ಸುಂಕದ ಚೀಟಿ ಬಂದ ಕೂಡಲೇ ದುಬಾರಿ ಆಗಿತ್ತು. ಶುಕ್ರವಾರಕ್ಕೊಮ್ಮೆ ಲಾರಿ ಬಂದು ಒಯ್ದು ಪುಡಿ ಮಾಡುತ್ತದೆ ಎಂದಳು ಡಯೇನ್.

"ಮೊದಲು ಬೇಡ ಅಂದು, ಆಮೇಲೆ ಸುಂಕ ಕಟ್ಟಿ ಒಯ್ದ ಪಾರ್ಸೆಲ್‌ಗಳು ಎಷ್ಟು?" ನಿಸರ್ಗಾ ಕೇಳಿದಳು.

ಅಕ್ಟೋಬರಿನಿಂದ ಈಚೆಗೆ ಏಳು. ಏಳೂ ಕರ್ನಾಟಕದಿಂದ ಬಂದವು. ಏಳರ ಸಹಿಯೂ ಜಿಲೇಬಿ. ಸುಂಕ ಕಟ್ಟಿದ್ದೆಲ್ಲ ಅಂಗಡಿಯಲ್ಲಿ ಕೊಂಡ ಗಿಫ್ಟ್ ಕಾರ್ಡಿನಿಂದ. ಒಟ್ಟು ಎರಡು ಸಾವಿರದ ಚಿಲ್ಲರೆ ಡಾಲರು.

ಮಾರ್ಟಿನೆಜ್ ಟೋಪಿ ತೆಗೆದು ತಲೆ ಕೆರೆದುಕೊಂಡ. "ಹನ್ನೊಂದು ವರ್ಷದ ಸರ್ವಿಸಿನಲ್ಲಿ ತೆರಿಗೆ ಕಟ್ಟಿ ಕದಿಯೋ ಕಳ್ಳನನ್ನು ನೋಡಿಲ್ಲ," ಎಂದ.

"ಈ ಏಳು ಜನರಿಗೂ ಫೋನ್ ಮಾಡಿದವರು ಯಾರು?"

ಡಯೇನ್ ಪರದೆ ನೋಡಿದಳು. "ಒಬ್ಬರೇ. ವೆಂಕಟಾಚಲ. ಸುಂಕದ ಕರೆಗಳ ಕೆಲಸ ಅವರದು, ಆರು ವರ್ಷದಿಂದ. ದಿನಕ್ಕೆ ಅರವತ್ತು ಕರೆ ಮಾಡುತ್ತಾರೆ. ಒಂದು ದಿನ ತಡವಾಗಿ ಬಂದವರಲ್ಲ. ನಾಳೆ ಅವರ ರಜೆ."

ಮಧ್ಯಾಹ್ನ ಗದಗದಿಂದ ಇನ್ನೊಂದು ಪುರಾವೆ ಬಂತು. ಉಮಾಶ್ರೀಯ ಅಣ್ಣ ಅಜಯ ದೊಡ್ಡವ್ವನ ಫೋನನ್ನು ಚಾರ್ಜಿಗೆ ಹಾಕಿ, ಅದರ ಕರೆಗಳ ಪಟ್ಟಿಯ ಚಿತ್ರ ತೆಗೆದು ಕಳಿಸಿದ್ದ. ಅಮೆರಿಕದ ಒಂದು ನಂಬರಿನಿಂದ ಡಿಸೆಂಬರ್ 17ಕ್ಕೆ ಮೊದಲ ಕರೆ, ಮೂವತ್ತೊಂದು ನಿಮಿಷ. ಆಮೇಲೆ ಪ್ರತಿ ಭಾನುವಾರ. ಕೊನೆಯ ಮಾತು ಜನವರಿ 4, ನಲವತ್ತೇಳು ನಿಮಿಷ. 11 ಮತ್ತು 18ಕ್ಕೆ ಉತ್ತರಿಸದ ಕರೆಗಳು. ಆ ನಂಬರನ್ನು ಗುರುಬಸವ್ವ ಯಾರಿಂದಲೋ 'ಕೊರಿಯರ್ ತಮ್ಮ' ಎಂದು ಬರೆಸಿಟ್ಟುಕೊಂಡಿದ್ದಳು. ನಂಬರು ವೆಂಕಟಾಚಲನದು. ಸಂಜೆ 4.50ಕ್ಕೆ ನ್ಯಾಯಾಧೀಶರು ಶೋಧನಾ ವಾರಂಟಿಗೆ ಸಹಿ ಹಾಕಿದರು.

ಜನವರಿ 21, ಬುಧವಾರ, ಬೆಳಗ್ಗೆ 9 ಗಂಟೆ 10 ನಿಮಿಷ. ಲಿವರ್‌ಮೋರಿನ ಹಳೆಯ ಅಪಾರ್ಟ್‌ಮೆಂಟ್, ಎರಡನೇ ಮಹಡಿ. ಬಾಗಿಲು ತಟ್ಟಿದ ಕೂಡಲೇ ತೆರೆಯಿತು. ಐವತ್ತೇಳು ವರ್ಷದ ತೆಳ್ಳಗಿನ ಮನುಷ್ಯ. ಇಸ್ತ್ರಿ ಮಾಡಿದ ಶರ್ಟು, ಹಣೆಯಲ್ಲಿ ಸಣ್ಣ ನಾಮ. ನಿಸರ್ಗಾಳ ಅಂಗಿಯ ಮೇಲಿನ ಹೆಸರಿನ ಪಟ್ಟಿಯಲ್ಲಿ ಜಯರಾಮ್ ಎಂದು ಓದಿಕೊಂಡ ಅವನ ಮುಖ ಅರಳಿತು.

"ನಮ್ಮೋರಾ? ಬನ್ನಿ ಬನ್ನಿ, ಒಳಗೆ ಬನ್ನಿ. ಚಪ್ಪಲಿ ಇರ್ಲಿ ಬಿಡಿ, ಪರವಾಗಿಲ್ಲ."

ಪೊಲೀಸರು ವಾರಂಟು ಹಿಡಿದು ಬಂದರೂ ಮನೆಗೆ ನೆಂಟರು ಬಂದರೆಂಬಂತೆ ಕುರ್ಚಿ ಒರೆಸಿದ. ಮನೆಯಲ್ಲಿ ಇದ್ದದ್ದೂ ಅದೊಂದೇ ಕುರ್ಚಿ.

ಪೆಟ್ಟಿಗೆಗಳನ್ನು ಹುಡುಕಬೇಕಾಗಲಿಲ್ಲ. ಗೋಡೆಯ ಉದ್ದಕ್ಕೂ ಸಾಲಾಗಿ, ತಳಕ್ಕೆ ಥಂಡಿ ತಾಗದಂತೆ ಚಾಪೆಯ ಮೇಲೆ ಇಟ್ಟಿದ್ದ. ಮಾರ್ಟಿನೆಜ್ ಒಂದೊಂದರ ಫೋಟೋ ತೆಗೆದ, ನಿಸರ್ಗಾ ಪಟ್ಟಿ ಬರೆದಳು. ನಮ್ಮಲ್ಲಾಗಿದ್ದರೆ ಇಬ್ಬರು ಪಂಚರನ್ನು ನಿಲ್ಲಿಸಿ ಪಂಚನಾಮೆ ಬರೆಸುತ್ತಿದ್ದರು. ಅಲ್ಲಿ ಆ ಕೆಲಸವನ್ನು ಕ್ಯಾಮೆರಾ ಮಾಡುತ್ತದೆ. ಒಂದರಿಂದ ಏಳು: ಉಮಾಶ್ರೀಯವರದು ಐದನೆಯದು. ಏಳರಲ್ಲಿ ಒಂದರ ಅಂಟುಪಟ್ಟಿಯೂ ಬಿಚ್ಚಿರಲಿಲ್ಲ.

ಇನ್ನೂ ಮೂರು ಪೆಟ್ಟಿಗೆಗಳು ಬೇರೆಯಾಗಿ ಮಂಚದ ಕೆಳಗಿದ್ದವು. ಅವು ಕರ್ನಾಟಕದಿಂದ ಬಂದವಲ್ಲ. ಲಿವರ್‌ಮೋರಿನಿಂದಲೇ ಮೈಸೂರಿಗೆ ಹೋಗಿ, ಅಲ್ಲಿಂದ ವಾಪಸು ಬಂದವು. ಅವನ್ನೂ ಪಟ್ಟಿಗೆ ಸೇರಿಸುತ್ತಿದ್ದಾಗ ಅವನು ಮೊದಲ ಸಲ ಅಡ್ಡ ಬಂದ.

"ಅವು ನನ್ನವು ಮೇಡಂ. ಅವನ್ನ ಕದ್ದಿಲ್ಲ."

9 ಗಂಟೆ 55 ನಿಮಿಷಕ್ಕೆ ವೆಂಕಟಾಚಲನನ್ನು ಬಂಧಿಸಲಾಯಿತು. ಇನ್ನೊಬ್ಬರ ಹೆಸರಿನ ದುರ್ಬಳಕೆ, ಸುಳ್ಳು ಸಹಿ, ಕೆಲಸ ಕೊಟ್ಟ ಕಂಪನಿಯ ವಶದಲ್ಲಿದ್ದ ಸಾಮಾನಿನ ಕಳವು. ಬೇಡಿ ಹಾಕುವಾಗ ಅವನು ತಾನೇ ಕೈ ಮುಂದೆ ಮಾಡಿದ, ಹಿಂದೆ ಮಾಡಬೇಕೆಂದು ಮಾರ್ಟಿನೆಜ್ ತಿಳಿಸಿ ಹೇಳಿದ.

ವಿಚಾರಣೆ 11 ಗಂಟೆಗೆ ಶುರುವಾಯಿತು. ಹಕ್ಕುಗಳನ್ನು ಓದಿ ಹೇಳಿದ ಮೇಲೆ ನಿಸರ್ಗಾ ಕೇಳಿದಳು: "ಲಾಯರ್ ಬೇಕಾ?"

"ಬೇಡ."

"ಇಂಗ್ಲಿಷಾ, ಕನ್ನಡಾನಾ?"

"ಕನ್ನಡ. ಸಿಕ್ಕೋದೇ ಅಪರೂಪ."

ರೆಕಾರ್ಡರು ಹಚ್ಚಿದಳು. "ಏಳು ಪಾರ್ಸೆಲ್‌ಗೂ ನೀವೇ ಡ್ಯೂಟಿ ಕಟ್ಟಿದ್ದಾ?"

"ಹೌದು."

"ಸಹಿ?"

"ನಾನೇ. ಮಧ್ಯಾಹ್ನ ಕೌಂಟರಿನವರು ಊಟಕ್ಕೆ ಹೋದಾಗ ಅಲ್ಲಿ ಕೂರೋನೂ ನಾನೇ."

"ಮಾರೋಕಾ?"

"ಛೆ, ಇಲ್ಲ ಮೇಡಂ."

"ಹಾಗಾದ್ರೆ ಓಪನ್ ಯಾಕೆ ಮಾಡಿಲ್ಲ?"

"ಬೇರೆಯವರ ಮನೆ ಸಾಮಾನು ಹೆಂಗೆ ಬಿಚ್ಚೋದು?"

ಕದ್ದ ಪೆಟ್ಟಿಗೆಯ ಬಗ್ಗೆ ಈ ಮಾತು ಆಡುವಾಗ ಅವನ ಮುಖದಲ್ಲಿ ನಗುವಿರಲಿಲ್ಲ. ನಿಸರ್ಗಾ ಬೇರೆ ಕಡೆಯಿಂದ ಬಂದಳು. "ಡ್ಯೂಟಿ ಕಟ್ಟಿದ ಮೇಲೆ ಅವರವರಿಗೇ ಕೊಡಬಹುದಿತ್ತಲ್ಲ?"

"ಮೊದಲನೇದು ಕೊಡೋಕೆ ಹೋಗಿದ್ದೆ. ನಿಮ್ಮ ಪ್ಲೆಸೆಂಟನ್‌ನಲ್ಲೇ. ಹಾಸನದಿಂದ ಅತ್ತೆ ಕಳಿಸಿದ್ದು. ಬೆಲ್ ಮಾಡಿದೆ. ನಾವು ಬೇಡ ಅಂದಿದ್ವಲ್ಲ, ಯಾಕೆ ತಂದ್ರಿ, ದುಡ್ಡು ಕೇಳೋಕಾ ಅಂದ್ರು. ದುಡ್ಡು ಬೇಡ ಅಂದೆ. ಬಾಗಿಲು ಹಾಕ್ಕೊಂಡ್ರು. ಬಾಗಿಲ ಕ್ಯಾಮೆರಾದಲ್ಲಿ ನಾನು ಇನ್ನೂ ನಿಂತಿದ್ದೀನಾ ಅಂತ ನೋಡ್ತಿದ್ರು. ಮನೆಗೆ ತಂದೆ. ರಾತ್ರಿಯೆಲ್ಲ ಯೋಚನೆ, ಕಳಿಸಿದ ಆ ತಾಯಿ ಕಾಯ್ತಿರ್ತಾರಲ್ಲ ಅಂತ. ಪೆಟ್ಟಿಗೆ ಮೇಲೆ ನಂಬರ್ ಇತ್ತು. ಫೋನ್ ಮಾಡಿ ತಲುಪಿತು ತಾಯಿ ಅಂದೆ."

"ಅವರೇನಂದ್ರು?"

"ತುಂಬಾ ಸಂತೋಷಪಟ್ರು ಮೇಡಂ. ನಿಮ್ಮ ಊಟ ಆಯ್ತಾಪ್ಪ ಅಂತ ಕೇಳಿದ್ರು." ಮತ್ತೆ ಹೇಳಿದ: "ನಾನು ದಿನಕ್ಕೆ ಅರವತ್ತು ಫೋನ್ ಮಾಡ್ತೀನಿ. ನಲವತ್ತು ಜನ ಬೇಡ ಅಂತಾರೆ. ಊಟ ಆಯ್ತಾ ಅಂತ ಯಾರೂ ಕೇಳಲ್ಲ."

"ಗದಗದ ಗುರುಬಸವ್ವ ಅವರಿಗೆ ಏನು ಹೇಳಿದ್ರಿ?"

"ನಿಮ್ಮ ಮಗಳು ಕೌಂಟರಲ್ಲೇ ಪೆಟ್ಟಿಗೆ ಬಿಚ್ಚಿ ಕೌದಿ ಮುಖಕ್ಕೆ ಒತ್ತಿಕೊಂಡ್ರು ಅಂದೆ. ಸುಳ್ಳೇ. ಆದ್ರೆ ಅವರು ಅತ್ತುಬಿಟ್ರು. ಐವತ್ತು ಸಾವಿರ ಯಾಕೆ ಬರೆಸಿದ್ರಿ ಅಮ್ಮ, ಎರಡು ಸಾವಿರ ಅಂದಿದ್ರೆ ಸುಂಕವೇ ಇರ್ತಿರಲಿಲ್ಲ ಅಂತ ಕೇಳಿದೆ. ಅಂಗಡಿಯವ ಕಿಮ್ಮತ್ತು ಎಷ್ಟು ಅಂದ, ಹನ್ನೊಂದು ಸೀರಿ ಅದರಾಗ ಅದಾವ, ನನ್ನ ಮದುವಿ ಸೀರಿನೂ ಅದ, ನನ್ನ ಹುಡುಗಿಗೆ ಕಿಮ್ಮತ್ತಿಲ್ಲದ್ದು ಕಳಿಸ್ಲೇನಪಾ ಅಂದ್ರು. ಅವರಿಗೆ ಐವತ್ತು ಸಾವಿರ ಅಂದ್ರೆ ಮರ್ಯಾದೆ, ಕಸ್ಟಮ್ಸ್‌ನವರಿಗೆ ಲೆಕ್ಕ."

ನಿಸರ್ಗಾ ಬರೆಯುವುದನ್ನು ನಿಲ್ಲಿಸಿದ್ದಳು.

"ಸುಂಕದವನ ಮುಂದೆ ಸುಖದುಃಖ ಹೇಳ್ಕೋಬೇಡಿ ಅಂತ ಗಾದೆ ಇದೆ ಮೇಡಂ. ಅವರು ಹೇಳ್ಕೊಂಡ್ರು. ನಾನೂ ಹೇಳ್ಕೊಂಡೆ. ಭಾನುವಾರ ಬರೋದನ್ನೇ ಕಾಯ್ತಿದ್ದೆ."

"ಆ ಮೂರು ಬಾಕ್ಸ್ ಯಾರದು? ಮಂಚದ ಕೆಳಗಿನವು."

ಅವನು ಅಂಗಿಯ ತೋಳಿನ ಗುಂಡಿ ಬಿಚ್ಚಿ ಮತ್ತೆ ಹಾಕಿಕೊಂಡ.

"ನನ್ನ ಮಗಳು, ಇಂದು ಅಂತ ಹೆಸರು, ಮೈಸೂರಲ್ಲಿದ್ದಾಳೆ. ಅವಳಿಗೆ ಹನ್ನೆರಡು ಆದಾಗ ಅವಳಮ್ಮ ಅವಳನ್ನ ಕರ್ಕೊಂಡು ವಾಪಸ್ ಹೋದ್ರು. ನಾನು ಇಲ್ಲೇ ಉಳಿದೆ. ಸರಿ ಮಾಡ್ದೆ ಅಂತ ಹೇಳಲ್ಲ. ಹುಟ್ಟಿದ ಹಬ್ಬಕ್ಕೆ ಕಳಿಸಿದೆ, ಮೂರು ವರ್ಷ, ಮೂರು ಪೆಟ್ಟಿಗೆ. ಅಲ್ಲೂ ಬಾಗಿಲಲ್ಲೇ ಸುಂಕ ಕೇಳ್ತಾರೆ. ಮೂರೂ ವಾಪಸ್ ಬಂದವು. ಮೇಲೆ ಒಂದೇ ಸೀಲು, ಬೇಡ ಅಂದರು ಅಂತ."

"ಡ್ಯೂಟಿ ಜಾಸ್ತಿ ಇತ್ತೇನೋ."

"ಇರಬಹುದು. ಸುಂಕ ಜಾಸ್ತಿ ಅಂತ ಬೇಡ ಅಂದ್ಲೋ, ನಾನು ಕಳಿಸಿದ್ದು ಅಂತ ಬೇಡ ಅಂದ್ಲೋ, ಸೀಲಲ್ಲಿ ಅದಕ್ಕೆ ಜಾಗ ಇಲ್ಲ ಮೇಡಂ."

"ಕೇಳಬಹುದಿತ್ತಲ್ಲ?"

"ಕೇಳಿದ್ರೆ ಹೇಳಿಬಿಟ್ರೆ?"

ವಿಚಾರಣೆ 12 ಗಂಟೆ 5 ನಿಮಿಷಕ್ಕೆ ಮುಗಿಯಿತು. ಅವನು ಏನಂದ ಎಂದು ಮಾರ್ಟಿನೆಜ್ ಕೇಳಿದ. ನಿಸರ್ಗಾ ಎಲ್ಲ ಒಪ್ಪಿಕೊಂಡಿದ್ದಾನೆ ಎಂದಳು, ಮಿಕ್ಕದ್ದನ್ನು ಇಂಗ್ಲಿಷಿಗೆ ತರಲು ಹೋಗಲಿಲ್ಲ.

ಮಧ್ಯಾಹ್ನ 2 ಗಂಟೆಗೆ ಉಮಾಶ್ರೀ ಸಾಮಾನು ಗುರುತಿಸಲು ಬಂದಳು. ಐದನೆಯ ಪೆಟ್ಟಿಗೆಯನ್ನು ಅವಳೆದುರೇ ಬಿಚ್ಚಿದರು. ಮೇಲಿನ ಪ್ಲಾಸ್ಟಿಕ್ಕು ಸರಿಸಿದ ಕೂಡಲೇ ಹಳೆಯ ಟ್ರಂಕಿನ ವಾಸನೆ ಬಂತು. ಉಮಾಶ್ರೀ ಮುಟ್ಟಲಿಲ್ಲ, ಬೆರಳಿಟ್ಟು ಒಂದೊಂದೇ ತುಂಡನ್ನು ಹೆಸರಿಸಿದಳು. ಇದು ಇಳಕಲ್ ಸೀರಿ, ಇದು ನನ್ನ ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನ ದೊಡ್ಡವ್ವ ಉಟ್ಟಿದ್ದು, ಇದು ನಮ್ಮವ್ವಂದು, ಇದು ಇನ್ನೂ ಅದ ಅಂತ ನನಗ ಗೊತ್ತಿರ್ಲಿಲ್ಲ. ಗುರುತು ಹಿಡಿಯಲು ಇದಕ್ಕಿಂತ ಹೆಚ್ಚಿನ ಪುರಾವೆ ಬೇಡವಾಗಿತ್ತು. ಫೋಟೋ ತೆಗೆದು, ಸಹಿ ಪಡೆದು, ಕೌದಿಯನ್ನು ಅವಳಿಗೆ ಒಪ್ಪಿಸಿದರು.

ಒಯ್ದವನು ದೊಡ್ಡವ್ವನಿಗೆ ಏನು ಹೇಳಿದ್ದನೆಂದು ನಿಸರ್ಗಾ ತಿಳಿಸಿದಳು. ಕೌಂಟರಿನಲ್ಲೇ ಬಿಚ್ಚಿ ಮುಖಕ್ಕೆ ಒತ್ತಿಕೊಂಡದ್ದು, ದೊಡ್ಡವ್ವ ಅತ್ತದ್ದು.

"ಅಕಿ ಅದನ್ನ ನಂಬಿದ್ಳೇನ್ರಿ?"

"ನಂಬಿದ್ರು."

ಉಮಾಶ್ರೀ ತಲೆಯಾಡಿಸಿ ಹೊರಟುಹೋದಳು. ಅರ್ಧ ಗಂಟೆಯ ಮೇಲೆ ನಿಸರ್ಗಾ ಕಿಟಕಿಯಿಂದ ನೋಡಿದಾಗ ಅವಳ ಕಾರು ಇನ್ನೂ ಪಾರ್ಕಿಂಗಿನಲ್ಲೇ ಇತ್ತು. ಬಿಸಿಲಿತ್ತು, ಚಳಿಯೇನೂ ಇರಲಿಲ್ಲ. ಆದರೂ ಅವಳು ಕುತ್ತಿಗೆಯವರೆಗೆ ಕೌದಿ ಹೊದ್ದು ಸ್ಟೀರಿಂಗಿನ ಹಿಂದೆ ಕೂತಿದ್ದಳು.

4 ಗಂಟೆ 10 ನಿಮಿಷಕ್ಕೆ ವೆಂಕಟಾಚಲನನ್ನು ಕೌಂಟಿ ಜೈಲಿಗೆ ಕಳಿಸುವ ಕಾಗದ ಸಿದ್ಧವಾಯಿತು. ಬಂಧಿತನಿಗೆ ಮೂರು ಫೋನ್ ಕರೆ ಮಾಡುವ ಹಕ್ಕಿದೆ. ಯಾರಿಗೆ ಮಾಡಿದನೆಂದು ಫಾರಮ್ಮಿನಲ್ಲಿ ಬರೆಯಬೇಕು.

"ಮಗಳಿಗೆ ಮಾಡ್ತೀರಾ?"

"ಬೇಡ."

"ಲಾಯರ್? ಫ್ರೆಂಡ್ಸ್? ಯಾರಾದ್ರೂ ಇದ್ದಾರಾ?"

ಅವನು ಗೋಡೆ ಗಡಿಯಾರ ನೋಡಿ ಬೆರಳಲ್ಲಿ ಲೆಕ್ಕ ಹಾಕಿದ. "ಅಲ್ಲಿ ಈಗ ಬೆಳಗಿನ ಐದು ನಲವತ್ತು. ಗದಗದ ಅಮ್ಮ ಐದಕ್ಕೇ ಏಳ್ತಾರೆ. ಒಂದು ನಂಬರ್ ಹೇಳ್ತೀನಿ, ಹಾಕಿಕೊಡ್ತೀರಾ?" ನೋಡದೆ, ತಡವರಿಸದೆ ಹತ್ತು ಅಂಕಿ ಹೇಳಿದ. "ಎರಡು ಭಾನುವಾರದಿಂದ ಎತ್ತಿಲ್ಲ. ನಾನು ಏನಾದ್ರೂ ತಪ್ಪು ಮಾತಾಡಿದ್ನೋ ಏನೋ. ಹೆಂಗಿದ್ರೂ ಈಗ ನಿಜ ಗೊತ್ತಾಗತ್ತೆ, ನನ್ನ ಬಾಯಿಂದಲೇ ಹೇಳಿಬಿಡ್ತೀನಿ. ಬೈದ್ರೆ ಬೈಲಿ."

ನಿಸರ್ಗಾಳ ಕೈ ಫೋನಿನ ಮೇಲೆಯೇ ನಿಂತಿತು. ಅವನಿಗೆ ಹೇಳುವವರು ಯಾರಿದ್ದರು? ಅವನು ಆ ಮನೆಗೆ ಏನೂ ಅಲ್ಲ. ತೀರಿಕೊಂಡರು ಎಂಬ ಗೌರವದ ಮಾತು ಕನ್ನಡದಲ್ಲಿ ಇದೆ, ಅದನ್ನು ಆರು ದಿನದ ಹಿಂದೆ ಇದೇ ಠಾಣೆಯಲ್ಲಿ ಕೇಳಿದ್ದಳು ಕೂಡ, ಆದರೆ ಈಗ ನಾಲಿಗೆಗೆ ಬರಲಿಲ್ಲ.

"ಸರ್," ಎಂದಳು, "ಅವರು ಹೋಗ್ಬಿಟ್ರು."

"ಎಲ್ಲಿಗೆ?"

ಕೇಳಿದ ಮೇಲೆ ಅವನಿಗೇ ತಿಳಿಯಿತು. ಬೆಂಚಿನ ಮೇಲೆ ಕೂತ.

"ಯಾವತ್ತು?"

"ಆರನೇ ತಾರೀಖು."

ಅವನ ತುಟಿ ಅಲುಗಿತು. ನಾಲ್ಕು, ಹನ್ನೊಂದು, ಹದಿನೆಂಟು ಎಂದು ಭಾನುವಾರಗಳನ್ನು ಎಣಿಸುತ್ತಿದ್ದ.

"ಹಾಗಾದ್ರೆ ಅವರು ನನ್ನ ಬೇಡ ಅಂದಿದ್ದಲ್ಲ," ಎಂದ.

ಆಮೇಲೆ ಮುಖ ಮುಚ್ಚಿಕೊಂಡು ಅತ್ತ. ಜೈಲಿನ ವ್ಯಾನು ಹೊರಗೆ ಬಂದು ನಿಂತಿತ್ತು. ನಿಸರ್ಗಾ ಮಾರ್ಟಿನೆಜ್‌ಗೆ ಹತ್ತು ನಿಮಿಷ ತಡೆ ಎಂದು ಸನ್ನೆ ಮಾಡಿ, ಫಾರಮ್ಮಿನಲ್ಲಿ ಕರೆಗಳ ಮೂರು ಸಾಲನ್ನೂ ಖಾಲಿ ಬಿಟ್ಟು, ಅವನ ಪಕ್ಕದಲ್ಲಿ ಕೂತಳು.